ಚಂಡೆಗೆ ಬಾಣ ಕೂರಿಸಿದ ಬೇಸಿಗೆ

ಆಗೆಲ್ಲ ಬೇಸಿಗೆ ರಜೆ ಅಂದರೆ ನನಗೆ ಕೊಪ್ಪ. ಪರೀಕ್ಷೆ ಮುಗಿದ ಮರುದಿನವೇ ನಮ್ಮೂರು ಅಡ್ಡಗದ್ದೆಯಲ್ಲಿ ಬಸ್ಸು ಹತ್ತಿದರೆ ಇಳಿಯುತ್ತಿದ್ದದ್ದು ಮಾವನ ಜೆರಾಕ್ಸ್ ಅಂಗಡಿಯ ಎದುರಿಗೇ. ಮಾವ ಅಂದರೆ ಅಮ್ಮನ ಅಣ್ಣ. ಅವರ ಮಗಳು ರಕ್ಷಿತಾ ನನ್ನ ಓರಗೆಯವಳು. ಮಧ್ಯಾಹ್ನ ಊಟದ ಮೇಲೆ ಗಿರಾಕಿಗಳು ಕಡಿಮೆಯಾಗುತ್ತಿದ್ದರು. ಆಗ ಅಂಗಡಿಯ ಕಂಪ್ಯೂಟರ್ ನಮ್ಮಿಬ್ಬರದು. ಬಿಸಿ ಕಾಗದದ ವಾಸನೆ, ಗಿರಗಿರ ಫ್ಯಾನು, ಅತ್ತೆ ಡಬ್ಬಿಗೆ ತುಂಬಿ ಕೊಟ್ಟ ಹಲಸಿನಕಾಯಿ ಚಿಪ್ಸು.

ಒಂಬತ್ತನೇ ಕ್ಲಾಸು ಮುಗಿದ ಆ ಬೇಸಿಗೆಯಲ್ಲಿ ರಕ್ಷಿತಾ ಒಂದು ಹೊಸ ಆಟ ಹಾಕಿಕೊಂಡಿದ್ದಳು. ಹಾಡು ಬರುತ್ತದೆ, ಪರದೆಯ ಕೆಳಗಿನಿಂದ ಬಣ್ಣದ ಬಾಣಗಳು ಏರುತ್ತವೆ, ಬಾಣ ಮೇಲಿನ ಗೆರೆ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಕೀ ಒತ್ತಬೇಕು. ಅಷ್ಟೇ. ಯಾವುದೋ ದೇಶದಲ್ಲಿ ಒಬ್ಬನೇ ಕೂತು ಮಾಡಿ, ಪುಕ್ಕಟೆ ಬಿಟ್ಟ ಆಟ. ನಡುವೆ ಜಾಹೀರಾತಿನ ಕಾಟವೂ ಇರಲಿಲ್ಲ. ನಮಗೆ ಹುಚ್ಚು ಹಿಡಿಸಿದ್ದು ಮಾತ್ರ ಬೇರೆಯೇ: ಯಾರು ಬೇಕಾದರೂ ತಮ್ಮ ಹಾಡಿಗೆ ತಾವೇ ಬಾಣ ಕೂರಿಸಿ ಉಳಿದವರಿಗೆ ಆಡಲು ಕೊಡಬಹುದಿತ್ತು. ಆಟದ ಅಭಿಮಾನಿಗಳೆಲ್ಲ ಇಂಟರ್‌ನೆಟ್ಟಿನ ಒಂದು ಪುಟದಲ್ಲಿ ಸೇರಿ ಹೊಗಳುತ್ತಿದ್ದರು, ಜಗಳವಾಡುತ್ತಿದ್ದರು, ಗೊತ್ತಿಲ್ಲದವರಿಗೆ ಕಲಿಸುತ್ತಿದ್ದರು. ನಮ್ಮ ಹರಕು ಇಂಗ್ಲಿಷಿಗೆ ಬೇಸರಿಸದೆ ಉತ್ತರ ಕೊಡುತ್ತಿದ್ದವಳು ಫಿಲಿಪೈನ್ಸ್‌ನ ಒಬ್ಬಳು ಹುಡುಗಿ.

ರಕ್ಷಿತಾ ಆಡಿದರೆ ಒಂದು ಬಾಣವೂ ತಪ್ಪುತ್ತಿರಲಿಲ್ಲ. ನಾನು ಅರ್ಧ ಹಾಡಿಗೇ ಔಟು.

"ನೀನು ಬಾಣ ನೋಡ್ಕಂಡು ಒತ್ತಬೇಡ ಮಾರಾಯ್ತಿ, ಹಾಡು ಕೇಳು" ಅನ್ನುತ್ತಿದ್ದಳು.

"ಕೇಳ್ತಾನೇ ಇದ್ದೇನಲ್ಲ! ನಿಮ್ಮ ಕೀಬೋರ್ಡೇ ಸರಿಯಿಲ್ಲ."

ಕೀಬೋರ್ಡಿಗೆ ಏನೂ ಆಗಿರಲಿಲ್ಲ. ಅವಳ ಬೆರಳಲ್ಲಿ ಅಪ್ಪನ ಲಯವಿತ್ತು. ಮಾವ ಯಕ್ಷಗಾನಕ್ಕೆ ಚಂಡೆ ಬಾರಿಸುವವರು. ದಿನವೂ ಸೋತು ಸೋತು ನನಗೆ ಅಳುವೇ ಬರುತ್ತಿತ್ತು. ಆಡಿ ಗೆಲ್ಲಲಾಗದಿದ್ದರೆ ಬೇಡ, ಎಲ್ಲರೂ ಆಡುವಂಥ ಒಂದು ಹಾಡು ನಾನೇ ಮಾಡುತ್ತೇನೆ ಅನಿಸಿತು. "ಮಾವನ ಚಂಡೆಗೆ ಬಾಣ ಕೂರಿಸುವಾ?" ಎಂದೆ. ರಕ್ಷಿತಾ ಕುರ್ಚಿಯಿಂದ ಎದ್ದೇ ನಿಂತಳು.

ಭಾನುವಾರ ಅಂಗಡಿಯ ಬಾಗಿಲೆಳೆದು ಮಾವ ಚಂಡೆ ಇಟ್ಟುಕೊಂಡರು. ಕಾಗದದ ಕಟ್ಟಿನ ಮೇಲೆ ಅವರದೇ ಫೋನು ಇಟ್ಟು ರೆಕಾರ್ಡಿಂಗ್ ಹಾಕಿದೆವು. ಯಕ್ಷಗಾನ ಶುರುವಾಗುವ ಮುಂಚೆ ಜನ ಸೇರಲಿ ಎಂದು ಬಾರಿಸುತ್ತಾರಲ್ಲ, ಅದನ್ನು ಬಾರಿಸಿದರು. ಮೊದಲು ನಿಧಾನ, ಬಿಡಿಬಿಡಿ ಪೆಟ್ಟು. ಹೋಗುತ್ತಾ ಹೋಗುತ್ತಾ ಏರು. ಕೊನೆಗೆ ಕೋಲು ಕಣ್ಣಿಗೇ ಕಾಣುತ್ತಿರಲಿಲ್ಲ, ಗಾಜಿನ ಕಪಾಟು ನಡುಗುತ್ತಿತ್ತು. ನಿಲ್ಲಿಸಿದಾಗ ಬನಿಯನ್ ಬೆವರಿನಿಂದ ಒದ್ದೆಯಾಗಿತ್ತು. "ಇವತ್ತು ಎಂತಕ್ಕೋ ಚೆನ್ನಾಗಿ ಬಂತು ಕೂಸೇ" ಎಂದು ತಾವೇ ನಕ್ಕರು.

ಫೋನಿನಲ್ಲಿ ಜಾಗ ಸಾಲದೆ, ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಹಾಕಿ ಫೋನಿನಿಂದ ಅಳಿಸಿದೆವು.

ಆಮೇಲೆ ಶುರುವಾಯಿತು ಗೋಳು. ಬಾಣ ಕೂರಿಸುವ ಪರದೆಯಲ್ಲಿ ಸಮ ಅಂತರದ ಅಡ್ಡಗೆರೆಗಳಿದ್ದವು, ಬಾಣ ಆ ಗೆರೆಗಳ ಮೇಲೇ ಕೂರಬೇಕು. ಮಾವನ ಪೆಟ್ಟು ಮೊದಲ ಹತ್ತು ಗೆರೆ ಸರಿಯಾಗಿ ಬಂದು, ಆಮೇಲೆ ಗೆರೆ ಬರುವ ಮುಂಚೆಯೇ ಬಿದ್ದುಬಿಡುತ್ತಿತ್ತು. ಗೆರೆಗಳ ವೇಗ ಹೆಚ್ಚಿಸಿದರೆ ಶುರುವಿನದು ತಪ್ಪುತ್ತಿತ್ತು. ಕಡಿಮೆ ಮಾಡಿದರೆ ಕೊನೆಯದು. ಒಂದು ವಾರ ಹೀಗೇ ಹೋಯಿತು. ನಡುವೆ ಕರೆಂಟು ಹೋದರೆ ಅಷ್ಟೂ ಕೆಲಸ ಮಣ್ಣುಪಾಲು. ಫಿಲಿಪೈನ್ಸ್‌ನವಳಿಗೆ ಬರೆದೆ. ಉತ್ತರವಿಲ್ಲ.

ಕೊನೆಗೆ ಮಾವನಿಗೇ ಹೇಳಿದೆ: "ಕಂಪ್ಯೂಟರಿನಲ್ಲಿ ಟಿಕ್ ಟಿಕ್ ಅಂತ ಹಾಕ್ತೇನೆ, ಅದಕ್ಕೆ ಸರಿಯಾಗಿ ಬಾರಿಸ್ತೀರಾ ಮಾವ?"

ಮಾವ ಎರಡು ಸಲ ಪ್ರಯತ್ನಿಸಿದರು. ಮೂರನೇ ಸಲ ಕೋಲು ಕೆಳಗಿಟ್ಟರು. "ಇದಕ್ಕೆ ನಾನು ಎಂತಕ್ಕೆ? ಆ ಟಿಕ್ ಟಿಕ್ಕನ್ನೇ ಹಾಕ್ಕೊಳ್ಳಿ."

ರಜೆ ಮುಗಿಯಲು ನಾಲ್ಕೇ ದಿನ ಉಳಿದಿತ್ತು. ರಕ್ಷಿತಾ ಅತ್ತೆಯ ಜೊತೆ ಶೆಟ್ಟಿಕೊಪ್ಪದ ಮದುವೆಗೆ ಹೋಗಿದ್ದಳು. ಅವಳಿಲ್ಲದ ಆ ಮಧ್ಯಾಹ್ನ ನಾನೊಬ್ಬಳೇ ಕೂತು ಮಾವನ ಚಂಡೆಯನ್ನು ತುಂಡು ತುಂಡು ಮಾಡಿದೆ. ಓಡಿದ ಕಡೆ ಎಳೆದೆ, ನಿಧಾನವಾದ ಕಡೆ ಒತ್ತಿದೆ. ಒಂದೊಂದು ಪೆಟ್ಟನ್ನೂ ಒಂದೊಂದು ಗೆರೆಯ ಮೇಲೆ ತಂದು ಕೂರಿಸಿದೆ. ಎಲ್ಲವೂ ಸರಿಯಾಗಿ ಕೂತಾಗ ನಾನು ಪಟ್ಟ ಖುಷಿ ಅಷ್ಟಿಷ್ಟಲ್ಲ. ಸೇವ್ ಮಾಡಿದೆ. ಹಳೆಯದರ ಮೇಲೆಯೇ ಮಾಡುವುದಾ ಎಂದು ಕಂಪ್ಯೂಟರ್ ಕೇಳಿತು. ಓದದೆ ಹೌದು ಒತ್ತಿದೆ. ನೆಟ್‌ವರ್ಕ್ ನಾಲ್ಕು ಸಲ ಕೈಕೊಟ್ಟು, ಐದನೇ ಸಲಕ್ಕೆ ನಮ್ಮ ಚಂಡೆ ಲೋಕಕ್ಕೆ ಹೋಯಿತು.

ಮರುದಿನ ರಕ್ಷಿತಾ ಬರುವಷ್ಟರಲ್ಲಿ ಹೊಗಳಿಕೆ ಬಂದಿತ್ತು. ಇದ್ಯಾವ ಡ್ರಮ್ಮು, ಎಲ್ಲಿಯದು ಎಂದೆಲ್ಲ ಕೇಳಿದ್ದರು. ಕುಣಿಯುತ್ತಾ ತೋರಿಸಿದೆ. ಅವಳು ಕೀಬೋರ್ಡು ಮುಟ್ಟಲಿಲ್ಲ. ಕಣ್ಣು ಮುಚ್ಚಿ ಅರ್ಧ ಕೇಳಿದಳು.

"ಇದು ಅಪ್ಪನ ಕೈ ಅಲ್ಲ."

"ಮಾವನದೇ. ಸ್ವಲ್ಪ ಸರಿ ಮಾಡಿದೆ ಅಷ್ಟೆ."

"ಸರಿ ಮಾಡಕ್ಕೆ ಅದಕ್ಕೆ ಎಂತ ಆಗಿತ್ತು? ಮುಂಚಿನದು ಹಾಕು."

ಹುಡುಕಿದೆ. ಇರಲಿಲ್ಲ. ಎಲ್ಲ ಕಡೆ ಹುಡುಕಿದೆ. ಹಳೆಯದರ ಮೇಲೆಯೇ ಹೊಸದು ಕೂತಿತ್ತು. ರಕ್ಷಿತಾ ಚಿಪ್ಸಿನ ಡಬ್ಬಿ ಮುಚ್ಚಿ ಮನೆಗೆ ನಡೆದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಸಂಜೆಯೇ ಫಿಲಿಪೈನ್ಸ್‌ನಿಂದ ಉತ್ತರ ಬಂತು. ಊರಲ್ಲಿ ಬಿರುಗಾಳಿಯೆದ್ದು ಕರೆಂಟು ಇರಲಿಲ್ಲ, ತಡವಾಯಿತು, ಕ್ಷಮಿಸು ಎಂದು ಶುರುಮಾಡಿದ್ದಳು. ಗೆರೆಗಳ ವೇಗವನ್ನು ಎಲ್ಲಿ ಬೇಕಾದರೂ ಬದಲಿಸಬಹುದಂತೆ. ಬಾರಿಸುವವರು ಓಡಿದರೆ ಗೆರೆಗಳನ್ನೂ ಅವರ ಹಿಂದೆ ಓಡಿಸಬಹುದಂತೆ. ಆ ಬಟನ್ನು ಇಷ್ಟು ದಿನವೂ ನನ್ನ ಕಣ್ಣೆದುರಿಗೇ ಇತ್ತು. ಮೇಜಿಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು.

ಮತ್ತೊಮ್ಮೆ ಬಾರಿಸಿ ಎಂದು ಮಾವನನ್ನು ಕೇಳಿದೆ. "ನೋಡುವ" ಎಂದರು. ಮುಂದಿನ ವರ್ಷ ನಮಗೆ ಎಸ್ಸೆಸ್ಸೆಲ್ಸಿ. ನೋಡುವ ಅನ್ನುವುದು ಹಾಗೇ ಮುಂದೆ ಹೋಯಿತು. ಆಮೇಲೆ ಅವರಿಗೆ ಮಣಿಕಟ್ಟಿನ ನೋವು ಹತ್ತಿ ಚಂಡೆ ಅಟ್ಟ ಸೇರಿತು.

ನಾನೀಗ ಶೃಂಗೇರಿಯಲ್ಲಿ ಹೈಸ್ಕೂಲ್ ಟೀಚರು. ರಕ್ಷಿತಾ ಇರುವುದು ನರಸಿಂಹರಾಜಪುರದಲ್ಲಿ. ಸಿಕ್ಕಾಗ ಚೆನ್ನಾಗಿಯೇ ಮಾತಾಡುತ್ತಾಳೆ, ಆ ಬೇಸಿಗೆಯೊಂದನ್ನು ಬಿಟ್ಟು. ಆ ಆಟ ಈಗಲೂ ಇದೆ, ಈಗಲೂ ಪುಕ್ಕಟೆ. ನಾನು ಕಳಿಸಿದ ಚಂಡೆಯನ್ನು ಯಾರ್ಯಾರೋ ಮಕ್ಕಳು ಈಗಲೂ ಆಡುತ್ತಾರೆ.

ಹೋದ ತಿಂಗಳು ಕೊಪ್ಪಕ್ಕೆ ಹೋದಾಗ ಧೈರ್ಯ ಮಾಡಿ ಫೋನಿನಲ್ಲಿ ಅದನ್ನು ಮಾವನಿಗೆ ಕೇಳಿಸಿದೆ. ಮಾವ ಊಟದ ಮೇಜಿನ ಮೇಲೆ ಬೆರಳಾಡಿಸತೊಡಗಿದರು. ಶುರುವಿನಲ್ಲಿ ಬೆರಳೂ ಚಂಡೆಯೂ ಜೊತೆಗಿದ್ದವು. ಆಮೇಲೆ ಬೆರಳು ಏರಿತು, ಚಂಡೆ ಏರಲಿಲ್ಲ. ನೋವಿನ ಕೈಯ ಬೆರಳು ತನ್ನ ಪಾಡಿಗೆ ಮುಂದೆ ಓಡುತ್ತಿತ್ತು, ಫೋನು ಹಿಂದೆಲ್ಲೋ ಉಳಿದು ಟಕ್ ಟಕ್ ಅನ್ನುತ್ತಿತ್ತು. ಸ್ವಲ್ಪ ಹೊತ್ತು ನೋಡಿ ಮಾವ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಯಾರು ಬಾರಿಸಿದ್ದು ಕೂಸೇ ಇದು?" ಎಂದು ಕೇಳಿದರು.