ಸತ್ಯವ್ವನ ತಿಳಿನೀರು

ಖಾಸಬಾಗದ ನಮ್ಮ ಓಣಿಯಲ್ಲಿ ಯಾವ ಹೆಣ್ಣುಮಗಳು ಬಸುರಿಯಾದರೂ ಕಾಯಿಪಲ್ಲೆ ಮಾರುವ ಸತ್ಯವ್ವನಿಗೆ ಬೇಗನೆ ಗೊತ್ತಾಗುತ್ತಿತ್ತು. ಅಂದಿನಿಂದ ಹೆರಿಗೆಯವರೆಗೆ ಆ ಮನೆಗೆ ವಾರಕ್ಕೆರಡು ಪೆಂಡಿ ಪಾಲಕ ಸೊಪ್ಪು ಪುಕ್ಕಟೆ. ತಲೆಯ ಮೇಲಿನ ಬುಟ್ಟಿಯನ್ನು ಕಟ್ಟೆಗಿಳಿಸಿ, ದೊಡ್ಡ ಪೆಂಡಿಯನ್ನೇ ಆರಿಸಿ ಕೊಡುತ್ತಿದ್ದಳು. ಆಕೆಯ ಅತ್ತೆ ನಡೆಸಿಕೊಂಡು ಬಂದಿದ್ದ ಪದ್ಧತಿ ಅದು. ಸತ್ಯವ್ವ ಇಪ್ಪತ್ತಾರು ವರ್ಷ ತಪ್ಪಿಸಲಿಲ್ಲ. ನನ್ನ ಇಬ್ಬರು ಸೊಸೆಯಂದಿರೂ ಆ ಪಾಲಕ ತಿಂದವರೇ.

ಆಕೆಯ ಹನ್ನೆರಡು ಗುಂಟೆ ಹೊಲ ಊರಂಚಿನ ನಾಲಾದ ಬದಿಗಿದೆ. ಅದರ ಮೇಲ್ಗಡೆ ಸೀರೆಯ ನೂಲಿಗೆ ಬಣ್ಣ ಹಾಕುವ ಕಾರಖಾನೆಗಳು. ನಾಲಾ ಒಂದು ದಿನ ಕೆಂಪಾಗಿ, ಇನ್ನೊಂದು ದಿನ ನೀಲಿಯಾಗಿ ಹರಿಯುತ್ತದೆ. ಆಗ ಸತ್ಯವ್ವ ಮಣ್ಣು ತುಂಬಿದ ಗೋಣಿಚೀಲದಿಂದ ತನ್ನ ಕಾಲುವೆಯ ಬಾಯಿ ಮುಚ್ಚಿ ಬದುವಿನ ಮೇಲೆ ಕಾದು ಕೂರುತ್ತಿದ್ದಳು. ಬೊಗಸೆಯ ನೀರಿನೊಳಗೆ ಅಂಗೈಯ ಗೆರೆ ಸ್ಪಷ್ಟವಾಗಿ ಕಂಡ ಮೇಲೆಯೇ ಚೀಲ ಸರಿಸುವುದು. ಶಾಲೆಯ ಮಾಸ್ತರನಾಗಿದ್ದಾಗ ಆ ಎಚ್ಚರವನ್ನು ನಾನು ತರಗತಿಯಲ್ಲಿ ಹೊಗಳಿದ್ದುಂಟು.

ಕಳೆದ ಚಳಿಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನೇತ್ರಾ ಆ ಹೊಲದ ಮಣ್ಣನ್ನೂ ಸೊಪ್ಪನ್ನೂ ಪರೀಕ್ಷೆಗೆ ಒಯ್ದಳು. ಮೂರು ವಾರದ ಮೇಲೆ ಕಾಗದ ಹಿಡಿದು ನಮ್ಮ ಮನೆಗೆ ಬಂದಳು. ಪಾಲಕದಲ್ಲಿ ಸೀಸವೂ ಕ್ಯಾಡ್ಮಿಯಮ್ಮೂ ಮಿತಿ ಮೀರಿದ್ದವು. ಸತ್ಯವ್ವನನ್ನು ಕರೆಸಿದೆವು.

“ನಾ ಬಣ್ಣದ ನೀರ ಬಿಟ್ಟಽ ಇಲ್ಲಲ್ರಿ, ಮಾಸ್ತರ,” ಎಂದಳು. “ಚೊಲೋತ್ನ್ಯಾಗ ತೊಳದ್ರ?”

“ತಿಳಿನೀರಾಗೂ ಆ ವಿಷ ಇರ್ತೈತಿಬೇ. ತೊಳದ್ರ ಹೋಗೂದಿಲ್ಲ. ಬೇರಿನಿಂದ ಎಲಿಯೊಳಗ ಸೇರಿರ್ತೈತಿ,” ಎಂದಳು ನೇತ್ರಾ.

“ಕಣ್ಣಿಗಿ ಕಾಣಲಾರದ್ದು ನೀರಾಗ ಹೆಂಗ ಇರ್ತೈತಿ?”

ನಾನು ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ, ಕದಡಿ ಕೊಟ್ಟೆ. ಸತ್ಯವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ತಿಳಿಯಾಗಿತ್ತು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

“ಮಮ್ತಾಜಗ ಈಗ ಏಳ ತಿಂಗಳ,” ಎಂದಳು. “ಹ್ವಾದ ವಾರನೂ ಎರಡ ಪೆಂಡಿ ಕೊಟ್ಟೇನಿ.”

ಮಮ್ತಾಜ ಎದುರು ಸಾಲಿನ ಶಾದಾಬನ ಹೆಂಡತಿ. ಅದು ಮೊದಲ ಬಸಿರು. ನಾನೇ ಹೋಗಿ ತಿಳಿಸುತ್ತೇನೆಂದೆ.

“ಪಾಲಕ ನೀವ ಕೊಟ್ಟೀರೇನ್ರಿ?” ಎಂದು ಸತ್ಯವ್ವ ಎದ್ದಳು. ನಾನೂ ಹಿಂದೆ ಹೋದೆ.

“ಬರ್ರಿ ಮೌಶಿ, ಬುಟ್ಟಿ ಎಲ್ಲಿ? ನನ್ನ ಪಾಲಕ ಬ್ಯಾರೆ ಬಸರಿಗಿ ಕೊಟ್ಟ ಬಂದ್ರೇನು?” ಎಂದು ಮಮ್ತಾಜ ನಕ್ಕಳು.

ಸತ್ಯವ್ವ ಹೊಸ್ತಿಲಾಚೆಯೇ ನಿಂತು ಎಲ್ಲವನ್ನೂ ಹೇಳಿದಳು. “ಇಷ್ಟ ದಿನ ತಿನಿಸಿದ್ದು ನನ್ನ ತಪ್ಪು. ನಾಳಿ ರಕ್ತ ತೋರಿಸಾಕ ಹೋಗೂಣು, ನಾನೂ ಬರ್ತೇನಿ.”

ಮಮ್ತಾಜ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊಸ್ತಿಲವರೆಗೆ ಬಂದಳು.

“ನನ್ನ ಗಂಡ ಆ ಬಣ್ಣದ ಕಾರಖಾನ್ಯಾಗಽ ದುಡಿತಾನ,” ಎಂದಳು. “ನೀರ ಬಿಟ್ಟವರ ಮನಿಗಿ ಬಂದು ನೀವ ತಪ್ಪಾತು ಅಂತೀರಲ್ಲ, ಮೌಶಿ. ಒಳಗ ಬಂದ ಕುಂದರ್ರಿ.”

ಮರುದಿನ ಇಬ್ಬರೂ ಕೂಡಿ ಆಸ್ಪತ್ರೆಗೆ ಹೋದರು. ರಕ್ತದಲ್ಲಿ ಗಾಬರಿಪಡುವಂಥದ್ದೇನೂ ಇಲ್ಲವೆಂದು ಡಾಕ್ಟರು ಹೇಳಿದ ಮೇಲೆಯೇ ಸತ್ಯವ್ವ ಅನ್ನ ಉಂಡಳಂತೆ. ಆ ವಾರವೆಲ್ಲ ಗಿರಾಕಿಗಳ ಮನೆಮನೆಗೆ ಹೋಗಿ ತಾನೇ ಹೇಳಿ ಬಂದಳು. ಪಾಲಕವನ್ನು ಬೇರುಸಹಿತ ಕಿತ್ತಳು, ದನಗಳಿಗೂ ಹಾಕಲಿಲ್ಲ.

ಈಗ ಆ ಹೊಲದಲ್ಲಿ ಚೆಂಡುಹೂವು ಅರಳುತ್ತದೆ. ಪದ್ಧತಿ ಮಾತ್ರ ನಿಂತಿಲ್ಲ. ಸೋಮವಾರದ ಬಸ್ಸಿಗೆ ಖಾನಾಪುರ ದಾಟಿ, ಹಲಸಿಯ ತವರಿನಿಂದ ಪಾಲಕ ತರುತ್ತಾಳೆ. ಅಲ್ಲಿಯ ಬಾವಿಯ ನೀರನ್ನು ನೇತ್ರಾ ಪರೀಕ್ಷಿಸಿದ್ದಾಳೆ. ಪೆಂಡಿ ಮೊದಲಿಗಿಂತ ಸಣ್ಣದು. ಮೊನ್ನೆ ಮೂಲೆಮನೆಯ ಹೊಸ ಬಸುರಿಗೆ ಕೊಡುವಾಗ, ಮಮ್ತಾಜಳ ಕೂಸು ಸತ್ಯವ್ವನ ಕಂಕುಳಲ್ಲಿ ಕುಳಿತು ಎಲೆ ಜಗ್ಗುತ್ತಿತ್ತು. ಸತ್ಯವ್ವ ಬಿಡಿಸಿಕೊಳ್ಳಲಿಲ್ಲ.