ತೊಂಬತ್ತೊಂಬತ್ತು ಜನ ಒಳಗೆ, ಸೈಮಾ ಚಾವಣಿಯ ಮೇಲೆ

ಮೇ ತಿಂಗಳು ಬಂದು ವಾರವಾಯಿತು. ಆ ಸುದ್ದಿ ಅಮೆರಿಕದ ಉತ್ತರದಂಚಿನ ನಮ್ಮ ಹೈಟೋಲಾದ ಆಕಾಶಕ್ಕೆ ಇನ್ನೂ ಮುಟ್ಟಿದಂತಿಲ್ಲ. ರಾತ್ರಿ ಬಿದ್ದ ಹಿಮ ನೆನೆದ ಹತ್ತಿಯಂತೆ ಭಾರವಾಗಿ ಕೂತಿದೆ. ಬೆಳಕು ಹರಿಯುವ ಹೊತ್ತಿಗೆ ಸೈಮಾ ರೌಟಿಯೋ ಏಣಿ ಹತ್ತಿ ತಮ್ಮ ಬಾರಿನ ಚಾವಣಿಯ ಮೇಲೆ ನಿಂತಿದ್ದಾರೆ. ವಯಸ್ಸು ಅರವತ್ತಮೂರು. ಮೈಮೇಲೆ ತೀರಿಹೋದ ಗಂಡನ ಬೇಟೆ ಕೋಟು, ತಲೆಗೆ ಕಿವಿ ಮುಚ್ಚುವ ಟೊಪ್ಪಿಗೆ, ಕೈಯಲ್ಲಿ ಉದ್ದ ಕೋಲು, ಕೋಲಿನ ತುದಿಗೆ ಬರ್ಚ್ ಮರದ ಸೊಪ್ಪಿನ ಕಟ್ಟು. ಸೌನಾದ ಬಿಸಿ ಹಬೆಯಲ್ಲಿ ಕೂತು ನಾವೆಲ್ಲ ಮೈಗೆ ಬಡಿದುಕೊಳ್ಳುವ ಕಟ್ಟು ಅದು. ಸೈಮಾ ಅದರಿಂದ ಡಿಶ್ ಆಂಟೆನಾದ ಮೇಲಿನ ಹಿಮ ಸವರಿ ತೆಗೆಯುತ್ತಾರೆ, ಮಲಗಿದ ಮಗುವಿನ ಮುಖ ಒರೆಸುವಷ್ಟು ಮೆಲ್ಲಗೆ.

"ಪೊರಕೆ ತಗೊಂಡ್ರೆ ಕೆಟ್ಟಂಗೆ," ಎನ್ನುತ್ತಾರೆ. "ಮೊದಲು ಪೊರಕೇಲೇ ಬಡೀತಿದ್ದೆ. ಒಂದಿನ ಬೆರಳಗಲ ಆಚೆ ತಿರುಗಿಬಿಡ್ತು. ಟಿವೀಲಿ ಬೇಸ್‌ಬಾಲ್ ಹೋಗಿ ಯಾರೋ ಪಾದ್ರಿ ಬಂದ್ರು. ಸರಿ ಮಾಡೋರು ಬರೋ ತನಕ ಊರೆಲ್ಲ ಅವರ ಉಪದೇಶ ಕೇಳ್ತು. ನಾಲ್ಕು ಜನ ಕುಡಿಯೋದೇ ಬಿಟ್ರು. ಲುಕ್ಸಾನು ಯಾರಿಗೆ ಹೇಳಿ."

ಹಿಮ ತೆಗೆದ ಮೇಲೆ ಡಿಶ್‌ಗೆ ಅಡುಗೆ ಎಣ್ಣೆ ಸವರುವ ಶಾಸ್ತ್ರವಿದೆ. ಮುಂದಿನ ಹಿಮ ಬಿದ್ದರೆ ನಿಲ್ಲದೆ ಜಾರಲಿ ಎಂದು. ಕೆಳಗೆ ಅಡುಗೆಮನೆಯಲ್ಲಿ ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿಗಳು ಬೇಯುತ್ತಿವೆ, ದಿನಕ್ಕೆ ನಲವತ್ತು. ಎಣ್ಣೆ ಎರಡಕ್ಕೂ ಒಂದೇ ಡಬ್ಬದ್ದು. ಇವತ್ತು ಊರಿಗೆ ಬೇಕಾದ ಆಟ ಯಾವುದೂ ಇಲ್ಲ. ಆದರೂ ಯಾಕೆ ಹತ್ತಿದಿರಿ ಎಂದು ಕೇಳಿದರೆ, ಹಾಲು ಬತ್ತಿತೆಂದು ಹಸುವಿಗೆ ಮೇವು ಹಾಕುವುದು ಬಿಡುತ್ತಾರೆಯೇ ಎಂದು ತಿರುಗಿ ಕೇಳುತ್ತಾರೆ. ಆ ಹಸು ಬತ್ತಿದ ಕತೆಯೇ ಈ ಲೇಖನ.

ಹೈಟೋಲಾದವರಿಗೆ ಹೇಳಿಕೊಳ್ಳಲು ಇರುವುದು ಎರಡೇ: ಮುಚ್ಚಿಹೋದ ತಾಮ್ರದ ಗಣಿ ಮತ್ತು ಜೋನಾ ಪೆಲ್ಟೊ. ಗಣಿಯನ್ನು ಪುಕ್ಕಟೆ ನೋಡಬಹುದು. ಜೋನಾನನ್ನು ನೋಡಲು ಕಾಸು ಬೇಕು. ಈ ಎಡಗೈ ಹುಡುಗ ನಮ್ಮ ಶಾಲೆಯ ಮೈದಾನದಲ್ಲಿ ಚೆಂಡೆಸೆಯುತ್ತ ಬೆಳೆದು, ಹೋದ ವರ್ಷದ ವಸಂತದಲ್ಲಿ ಟೆಕ್ಸಾಸ್‌ನ ದೊಡ್ಡ ಬೇಸ್‌ಬಾಲ್ ತಂಡ ಸೇರಿದ. ಸೇರಿದ ಎಂದರೆ ಬೆಂಚಿನ ಮೇಲೆ ಕೂತ. ಕೂತು ಸೂರ್ಯಕಾಂತಿ ಬೀಜ ತಿಂದ. ಕ್ಯಾಮೆರಾ ಎಲ್ಲಿಂದಲೋ ಎಲ್ಲಿಗೋ ಹೋಗುವಾಗ ಅರೆಗಳಿಗೆ ಅವನ ಮೇಲೆ ಹಾಯುತ್ತಿತ್ತು. ಆಗ ಸೈಮಾರ ಬಾರಿನಲ್ಲಿ ಇಡೀ ಊರು ಎದ್ದು ನಿಲ್ಲುತ್ತಿತ್ತು. ಹೋದ ವರ್ಷವಿಡೀ ಅವನು ಒಂದೇ ಒಂದು ಚೆಂಡನ್ನೂ ಎಸೆಯಲಿಲ್ಲ. ಬೀಜ ಉಗುಳುವುದರಲ್ಲಿ ಮಾತ್ರ ಅವನ ಗುರಿ ತಪ್ಪುವುದಿಲ್ಲ ಎಂದು ಊರಿನವರು ಒಪ್ಪಿದ್ದಾರೆ.

ಹುಡುಗನ ಅಜ್ಜ ಆರ್ವಿಡ್ ಪೆಲ್ಟೊ, ಎಂಬತ್ತೆಂಟರ ನಿವೃತ್ತ ಗಣಿ ಕೆಲಸಗಾರರು. ಜೋನಾನನ್ನು ಸಾಕಿದವರು ಅವರೇ. ಅವರ ಮನೆ ತಗ್ಗಿನಲ್ಲಿದೆ, ದಕ್ಷಿಣಕ್ಕೆ ಮುಗಿಲೆತ್ತರದ ಪೈನ್ ಮರಗಳು. ಅಲ್ಲಿ ಡಿಶ್ ಹಾಕಿದರೆ ಅದಕ್ಕೆ ಕಾಣುವುದು ಅಳಿಲು ಮಾತ್ರ. ನಮ್ಮೂರಿನ ಇಂಟರ್‌ನೆಟ್ಟಿನ ವೇಗ ಆರ್ವಿಡ್ ಅಜ್ಜನ ನಡಿಗೆಗಿಂತ ಕಡಿಮೆ. ಹಾಗಾಗಿ ಟೆಕ್ಸಾಸ್ ಆಟವಿದ್ದ ದಿನವೆಲ್ಲ ಅವರು ಟೈ ಕಟ್ಟಿಕೊಂಡು ಬಾರಿಗೆ ಬರುತ್ತಾರೆ. ಟಿವಿಯ ಎದುರಿನ ಕುರ್ಚಿ ಅವರದು. ಕುಡಿಯುವುದು ಕಾಫಿ, ಜೊತೆಗೆ ಒಂದು ತುಂಡು ಏಲಕ್ಕಿ ಬ್ರೆಡ್ಡು. ಟೈ ಯಾಕೆ ಎಂದು ಒಮ್ಮೆ ಯಾರೋ ಕೆಣಕಿದ್ದರು. ಮೊಮ್ಮಗ ಕೆಲಸಕ್ಕೆ ಹೋಗಿರುವಾಗ ತಾನು ಅಂಗಿಯ ಗುಂಡಿ ಬಿಚ್ಚಿ ಕೂರುವುದು ಚೆನ್ನಾಗಿರುವುದಿಲ್ಲ ಎಂದರಂತೆ.

ನಮ್ಮ ಕಡೆಯ ಟಿವಿಯಲ್ಲಿ ಮಾಮೂಲಾಗಿ ಬರುವುದು ಡೆಟ್ರಾಯಿಟ್‌ನ ಆಟ. ಟೆಕ್ಸಾಸ್‌ನದು ಬೇಕೆಂದರೆ ಉಪಗ್ರಹ ಟಿವಿ ಕಂಪನಿಯಿಂದ ಬೇಸ್‌ಬಾಲ್ ಪ್ಯಾಕೇಜು ಕೊಳ್ಳಬೇಕು. ಮನೆಗಾದರೆ ಒಂದು ದರ, ಬಾರಿಗಾದರೆ ಬೇರೆ. ಬಾರಿನ ದರವನ್ನು ಬಂದು ಕೂರುವ ಜನರ ಲೆಕ್ಕದಲ್ಲಿ ಹಾಕುವುದಿಲ್ಲ. ಬೆಂಕಿ ಬಿದ್ದರೆ ಸುರಕ್ಷಿತವಾಗಿ ಓಡಿಹೋಗಬಲ್ಲವರು ಎಷ್ಟು ಎಂದು ಅಗ್ನಿಶಾಮಕದವರು ಗೋಡೆಗೆ ಬರೆದು ಹಾಕಿರುತ್ತಾರಲ್ಲ, ಆ ಫಲಕ ನೋಡಿ ಹಾಕುತ್ತಾರೆ. ಸೈಮಾರ ಫಲಕದಲ್ಲಿ ಇದ್ದದ್ದು ನೂರ ಏಳು. ಈ ವರ್ಷ ಕಂಪನಿ ದರ ಏರಿಸಿತು. ನೂರು ದಾಟಿದವರಿಗೆ ಹೆಚ್ಚುಕಡಿಮೆ ಎರಡರಷ್ಟು.

ಫೆಬ್ರವರಿಯಲ್ಲಿ ಸೈಮಾ ಕಂಪನಿಗೆ ಫೋನು ಮಾಡಿದರು. ಆ ತುದಿಯಲ್ಲಿದ್ದವಳು ಒಕ್ಲಹೋಮಾದ ಒಬ್ಬ ಮರ್ಯಾದಸ್ಥ ಹೆಂಗಸು. ನಮ್ಮಲ್ಲಿ ನೂರ ಏಳು ಜನ ಸೇರುವುದು ಯಾರಾದರೂ ಸತ್ತರೆ ಮಾತ್ರ, ಅದೂ ಸತ್ತವರು ಒಳ್ಳೆಯವರಾಗಿದ್ದರೆ ಎಂದು ಸೈಮಾ ವಿವರಿಸಿದರು. ಅವಳು ಕೇಳಿಸಿಕೊಂಡಳು. ಕಂಪನಿಗೂ ಸುಖವಿಲ್ಲ ಎಂದು ತನ್ನ ಕಡೆಯದು ಹೇಳಿದಳು: ಬೇಸ್‌ಬಾಲ್ ಸಂಸ್ಥೆಗೆ ಕಂಪನಿ ಸುರಿಯುವ ಹಣ ವರ್ಷವರ್ಷ ಏರುತ್ತಿದೆ, ನೋಡುವವರು ಇಳಿಯುತ್ತಿದ್ದಾರೆ, ಪ್ಯಾಕೇಜನ್ನೇ ಕೈಬಿಡುವ ಮಾತೂ ಇದೆ, ಉಳಿದಿರುವ ಗಿರಾಕಿಗಳ ಮೇಲೆ ಹಾಕದೆ ಗತಿಯಿಲ್ಲ.

"ಅಲ್ಲಮ್ಮ, ನೀವೂ ಬಡವರು, ನಾನೂ ಬಡವಿ," ಎಂದರು ಸೈಮಾ. "ಹಂಗಾದ್ರೆ ದುಡ್ಡು ಹೋಗ್ತಿರೋದು ಯಾರ ಮನೆಗೆ?"

ಆ ಹೆಂಗಸು ಸ್ವಲ್ಪ ಹೊತ್ತು ಹುಡುಕಿ, ಅದು ತನ್ನ ಕಂಪ್ಯೂಟರಿನಲ್ಲಿ ಬರುತ್ತಿಲ್ಲ ಎಂದಳು. ಫೋನು ಇಡುವ ಮೊದಲು ಮಾತ್ರ ದನಿ ತಗ್ಗಿಸಿ ಒಂದು ಮಾತು ಹೇಳಿದಳು. ಫಲಕದ ಸಂಖ್ಯೆ ನೂರರೊಳಗೆ ಬಂದರೆ ದರ ತಾನಾಗಿಯೇ ಇಳಿಯುತ್ತದೆ.

ಫಲಕ ಬರೆಯುವವರು ವರ್ನ್ ರೌಟಿಯೋ, ಸೈಮಾರ ಸ್ವಂತ ಮೈದುನ. ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ, ಹೊಟ್ಟೆಪಾಡಿಗೆ ಶಾಲೆಯ ಬಸ್ಸು ಓಡಿಸುತ್ತಾರೆ. ಬೇರೆ ಊರಾಗಿದ್ದರೆ ಒಂದು ಗ್ಲಾಸು ಬಿಯರಿನಲ್ಲಿ ಮುಗಿಯುವ ಕೆಲಸ. ವರ್ನ್ ಮಾತ್ರ ತಾಯಿ ಅತ್ತರೂ ಅಳತೆಪಟ್ಟಿ ಬಿಡದ ಮನುಷ್ಯ. ಜಾಗ ಅಷ್ಟೇ ಇರುವಾಗ ಸಂಖ್ಯೆ ಇಳಿಸುವುದು ಸುಳ್ಳು, ಜಾಗ ಕಡಿಮೆಯಾದರೆ ಇಳಿಸಬಹುದು ಎಂದುಬಿಟ್ಟರು.

ಸರಿ, ಬಾರನ್ನೇ ಕುಗ್ಗಿಸುವುದೆಂದು ತೀರ್ಮಾನವಾಯಿತು. ಮೂಲೆಯಲ್ಲಿ ಎಂಟು ಜನರ ಜಾಗಕ್ಕೆ ಮರದ ಗೋಡೆ ಹಾಕಿ ಒಂದು ಕೋಣೆ ಕಟ್ಟಿದರೆ ತೊಂಬತ್ತೊಂಬತ್ತಕ್ಕೆ ಇಳಿಯುತ್ತದೆ. ಊರಿನ ಗಂಡಸರು ಗರಗಸ ಹಿಡಿದು ಬಂದರು. ಯಾರದೋ ಕೊಟ್ಟಿಗೆಯಲ್ಲಿ ಒಳ್ಳೆಯ ದೇವದಾರು ಹಲಗೆ ಬಿದ್ದಿತ್ತು. ಇಲ್ಲೇ ಕೆಟ್ಟದ್ದು. ನಮ್ಮ ಜನ ಫಿನ್‌ಲ್ಯಾಂಡಿನಿಂದ ಬಂದು ನೂರು ವರ್ಷ ದಾಟಿದೆ. ಭಾಷೆ ಹೋಯಿತು, ಹಾಡು ಹೋಯಿತು. ಆದರೆ ದೇವದಾರು ಹಲಗೆಯ ಕೋಣೆ ಕಟ್ಟಿ, ಒಳಗೆ ಒಲೆ ಇಡದೆ ಬಾಗಿಲು ಮುಚ್ಚುವ ಗಂಡಸು ಇನ್ನೂ ಹುಟ್ಟಿಲ್ಲ. ಒಲೆ ಬಂತು. ಒಲೆಯ ಮೇಲೆ ಕಲ್ಲು ಬಂತು, ಕೋಣೆ ಸೌನಾ ಆಯಿತು. ಬೆಂಚು ಹಾಕಿ ಎಂದವರು ಸ್ವತಃ ಸೈಮಾ.

"ಬೆಂಚಿಲ್ದಿರೋ ಸೌನಾ ಕಟ್ಸಿದ್ರೆ ನಮ್ಮಮ್ಮ ಗೋರಿಯಿಂದ ಎದ್ದು ಬರ್ತಿದ್ಲು," ಎನ್ನುತ್ತಾರೆ ಈಗಲೂ.

ವರ್ನ್ ಅಳೆಯಲು ಬಂದರು. ಬಾಗಿಲು ತೆರೆದರು. ಹೊಸ ಮರದ ಘಮವನ್ನು ಕಣ್ಣು ಮುಚ್ಚಿ ಎಳೆದುಕೊಂಡರು. ಬೆಂಚಿನ ಮೇಲೆ ಕೂತು ನೋಡಿದರು. ಆಮೇಲೆ ಅದೇ ಬೆಂಚಿಗೆ ಅಳತೆಪಟ್ಟಿ ಹಿಡಿದರು.

"ಬಾರಲ್ಲಿ ತೊಂಬತ್ತೊಂಬತ್ತು, ಸೌನಾದಲ್ಲಿ ಆರು. ಒಟ್ಟು ನೂರ ಐದು," ಎಂದರು.

"ಒಳಗೆ ಬೆತ್ತಲೆ ಕೂತೋರಿಗೆ ಟಿವಿ ಎಲ್ಲಿ ಕಾಣುತ್ತೋ?"

"ಟಿವಿ ನನಗೆ ಸಂಬಂಧ ಇಲ್ಲ, ಸೈಮಾ. ಬೆಂಕಿ ಬಿದ್ರೆ ಓಡೋರನ್ನ ಎಣಿಸ್ತೀನಿ. ಬಟ್ಟೆ ಇರಲಿ ಬಿಡಲಿ. ಉಸಿರಾಡೋರನ್ನೆಲ್ಲ ಎಣಿಸ್ತೀನಿ, ನಿನ್ನನ್ನೂ ಸೇರಿಸಿ."

ಮೂರು ವಾರ ಬೆವರು ಸುರಿಸಿದ್ದಕ್ಕೆ ಸಿಕ್ಕಿದ್ದು ಎರಡು ಜನರ ಕಡಿತ. ಟೆಕ್ಸಾಸ್‌ನ ಮೊದಲ ಆಟಕ್ಕೆ ಐದು ದಿನವಿತ್ತು. ಮಾರನೆಯ ದಿನ ಬೆಂಚು ಕಿತ್ತರು, ಒಲೆ ಹೊರಗಿಟ್ಟರು. ಗಂಡಸರು ಟೊಪ್ಪಿಗೆ ತೆಗೆದು ನಿಂತಿದ್ದರು. ಒಬ್ಬಿಬ್ಬರು ಮೂಗು ಒರೆಸಿಕೊಂಡರು. ಆ ಕೋಣೆಯಲ್ಲಿ ಈಗ ಆಲೂಗಡ್ಡೆ ಮೂಟೆಗಳಿವೆ. ಇಡೀ ಅಮೆರಿಕದಲ್ಲಿ ದೇವದಾರಿನ ಸೌನಾದಲ್ಲಿ ಇರುವ ಆಲೂಗಡ್ಡೆ ನಮ್ಮದೊಂದೇ ಎಂದು ಸೈಮಾ ಗಿರಾಕಿಗಳಿಗೆ ಹೇಳುತ್ತಾರೆ. ವರ್ನ್ ಬಂದು ಮೂಟೆಗಳನ್ನು ನೋಡಿ, ಅವು ಓಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ತೊಂಬತ್ತೊಂಬತ್ತು ಎಂದು ಬರೆದ ಹೊಸ ಫಲಕ ತೂಗುಹಾಕಿದರು. ಪ್ಯಾಕೇಜು ಬಂತು.

ಏಪ್ರಿಲ್ ಕೊನೆಯ ಭಾನುವಾರದ ಮಧ್ಯಾಹ್ನ ಊರಿನ ಹಣೆಬರಹ ಹೊರಳಿತು. ಟೆಕ್ಸಾಸ್‌ನ ಚೆಂಡೆಸೆಯುವವರು ಒಬ್ಬರಾದ ಮೇಲೊಬ್ಬರು ಪೆಟ್ಟು ತಿನ್ನುತ್ತಿದ್ದರು. ಜೋನಾ ಬೆಂಚಿನಿಂದ ಎದ್ದು ತೋಳು ಬಿಸಿ ಮಾಡಿಕೊಳ್ಳತೊಡಗಿದ. ಚರ್ಚಿನ ಕಾಫಿ ಅರ್ಧಕ್ಕೆ ಬಿಟ್ಟು ಜನ ಓಡಿಬಂದರು. ಹೊರಗೆ ಹಿಮ ದಪ್ಪಗೆ ಸುರಿಯುತ್ತಿತ್ತು. ಶಾಲೆಯ ಮಕ್ಕಳನ್ನು ಬಸ್ಸಿಗೆ ಹತ್ತಿಸುವಾಗ ಕೈಯಲ್ಲಿ ಒತ್ತಿ ಎಣಿಸುವ ಪುಟ್ಟ ಯಂತ್ರ ಹಿಡಿದು ವರ್ನ್ ಬಾಗಿಲಲ್ಲಿ ನಿಂತರು. ಯಂತ್ರ ತೊಂಬತ್ತೊಂಬತ್ತು ತೋರಿಸಿದ ಕೂಡಲೇ ಬಾಗಿಲಿಗೆ ಅಡ್ಡ ಕೈ ಚಾಚಿದರು.

ಆಗ ಬಂದವರು ಆರ್ವಿಡ್ ಅಜ್ಜ. ಅವರ ಹಳೆಯ ಪಿಕಪ್ಪು ಹಿಮದಲ್ಲಿ ಹೂತುಹೋಗಿ, ಅರ್ಧ ದಾರಿ ನಡೆದೇ ಬಂದಿದ್ದರು. ಹುಬ್ಬಿನ ಮೇಲೆ ಹಿಮ, ಕೊರಳಲ್ಲಿ ಟೈ. ವರ್ನ್ ಮುಖ ನೋಡುವಂತಿರಲಿಲ್ಲ. ಒಬ್ಬರು ಹೊರಗೆ ಬಂದರೆ ಒಬ್ಬರು ಒಳಗೆ ಹೋಗಬಹುದು ಎಂದು ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದರು. ಎಲ್ಲರಿಗೂ ಕೇಳಿಸಿತು. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಅಜ್ಜನ ಮೇಲೆ ಪ್ರೀತಿ ಇಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ, ಆದರೆ ವರ್ಷವಿಡೀ ಬರೀ ಬೀಜ ಉಗುಳುವುದನ್ನು ನೋಡಿದವರು ಅವರು.

ಗಲ್ಲಾದ ಹಿಂದಿನಿಂದ ಸೈಮಾ ಕೈ ಒರೆಸಿಕೊಳ್ಳುತ್ತ ಬಂದರು.

"ನನ್ನನ್ನೂ ಎಣಿಸಿದ್ದೀಯ ತಾನೆ, ವರ್ನ್?"

"ಎಣಿಸಿದ್ದೀನಿ."

"ಹಂಗಾದ್ರೆ ಕಳೆ."

ಮೊಳೆಯಿಂದ ಗಂಡನ ಕೋಟು ತೆಗೆದುಕೊಂಡು ಹೊರಗೆ ನಡೆದರು. ಅಜ್ಜ ತಮ್ಮ ಕುರ್ಚಿಯಲ್ಲಿ ಕೂರುವುದಕ್ಕೂ ಟಿವಿಯ ಚಿತ್ರ ಚೌಕಚೌಕವಾಗಿ ಒಡೆಯುವುದಕ್ಕೂ ಸರಿಹೋಯಿತು. ಡಿಶ್ ಹಿಮದಲ್ಲಿ ಮುಚ್ಚಿಹೋಗಿತ್ತು. ಒಳಗಿನ ಹಾಹಾಕಾರ ಕೇಳಿದ ಸೈಮಾಗೆ ಬೇರೆ ಹೇಳಬೇಕಾಗಲಿಲ್ಲ. ಏಣಿ ಅಲ್ಲೇ ಇತ್ತು, ಸೊಪ್ಪಿನ ಕಟ್ಟೂ ಇತ್ತು. ಚಾವಣಿಯ ಮೇಲಿದ್ದವರು ಒಳಗಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ವರ್ನ್ ಆಮೇಲೆ ನಿಯಮ ಓದಿ ದೃಢಪಡಿಸಿದ್ದಾರೆ.

ಜೋನಾ ಪೆಲ್ಟೊ ದೊಡ್ಡ ತಂಡಕ್ಕಾಗಿ ಮೊದಲ ಸಲ ಚೆಂಡೆಸೆದಷ್ಟು ಹೊತ್ತೂ ಸೈಮಾ ಮೇಲೆಯೇ ಇದ್ದರು. ಸವರಿದಷ್ಟೂ ಬೀಳುವ ಹಿಮ, ಕೈ ನಿಲ್ಲಿಸುವಂತಿರಲಿಲ್ಲ. ಆಟವನ್ನು ಅವರು ಅಡುಗೆಮನೆಯ ಹೊಗೆಕೊಳವೆಯಿಂದ ಕೇಳಿದರು. ಮೊದಲು ಒಂದು ಭಾರೀ ಕೂಗು ಬಂತು, ಯಾರೋ ಔಟಾದರು. ಆಮೇಲೆ ಇದ್ದಕ್ಕಿದ್ದಂತೆ ಸ್ಮಶಾನ ಮೌನ. ಚಿತ್ರವೇ ಹೋಯಿತೆಂದು ಗಾಬರಿಯಾಗಿ ಸೈಮಾ ಸೊಪ್ಪು ಉದುರುವವರೆಗೆ ಡಿಶ್ ಉಜ್ಜಿದರು. ಚಿತ್ರ ಚೆನ್ನಾಗಿಯೇ ಇತ್ತು. ಎದುರಾಳಿ ಹೊಡೆದ ಚೆಂಡು ಮೈದಾನ ದಾಟಿ ಜನರ ನಡುವೆ ಬೀಳುವುದನ್ನು ತೊಂಬತ್ತೊಂಬತ್ತು ಜನ ಸ್ಪಷ್ಟವಾಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೊಂದು ಕೂಗು ಬಂತು, ಚಾವಣಿ ಅದುರುವಂಥದ್ದು. ಅದರ ಹಿಂದೆಯೇ ಕುರ್ಚಿಗಳು ಉರುಳಿದವು. ಹುಡುಗ ಬದುಕಿಕೊಂಡ ಎಂದು ಸೈಮಾಗೆ ತಿಳಿಯಿತು.

ಮೊದಲು ಹೊರಗೆ ಬಂದವರು ಆರ್ವಿಡ್ ಅಜ್ಜ. ಏಣಿಯ ಬುಡದಲ್ಲಿ ನಿಂತು ಟೊಪ್ಪಿಗೆ ತೆಗೆದರು. ಕಣ್ಣು ಒದ್ದೆಯಾಗಿತ್ತು.

"ಸೈಮಾ, ನೀನು ಹತ್ತಿದ ಮೇಲೆ ಚಿತ್ರ ಒಂದ್ಸಲಾನೂ ಹೋಗ್ಲಿಲ್ಲ ಕಣಮ್ಮ," ಎಂದರು.

ಅಷ್ಟಾದ ಮೇಲೆ ಬುಧವಾರ ಟೆಕ್ಸಾಸ್‌ನವರು ಜೋನಾನನ್ನು ತಮ್ಮದೇ ಕೆಳಗಿನ ದರ್ಜೆಯ ತಂಡಕ್ಕೆ ವಾಪಸು ಕಳಿಸಿದರು. ಮೈದಾನ ದಾಟಿದ ಆ ಒಂದು ಚೆಂಡೇ ಕಾರಣವಿರಬೇಕು. ಕೆಳಗಿನ ತಂಡದ ಆಟ ಈ ಪ್ಯಾಕೇಜಿನಲ್ಲಿ ಬರುವುದಿಲ್ಲ. ಇಡೀ ವರ್ಷದ ಹಣ ಕಟ್ಟಿ ಆಗಿದೆ, ಹಿಂದಕ್ಕೆ ಕೊಡುವ ಪದ್ಧತಿ ಇಲ್ಲ. ಸುದ್ದಿ ಕೇಳಿ ಒಕ್ಲಹೋಮಾದ ಹೆಂಗಸಿಗೂ ಬೇಸರವಾಯಿತಂತೆ. ಹೈಟೋಲಾದ ಜನ ಈಗ ಯಾರ ಪರಿಚಯವೂ ಇಲ್ಲದ ಟೆಕ್ಸಾಸ್ ತಂಡವನ್ನು ಕೊಟ್ಟ ಕಾಸಿಗೆ ಮೋಸವಾಗದಿರಲಿ ಎಂದು ನೋಡುತ್ತಿದ್ದಾರೆ. ಆರ್ವಿಡ್ ಅಜ್ಜ ಈಗಲೂ ಟೈ ಕಟ್ಟಿಕೊಂಡೇ ಬರುತ್ತಾರೆ. ಯಾವ ದಿನ ಕರೆ ಬರುತ್ತದೋ ಯಾರಿಗೆ ಗೊತ್ತು.

ಸೈಮಾ ಏಣಿಯಿಂದ ಇಳಿದು ಸೊಪ್ಪಿನ ಕಟ್ಟನ್ನು ಗೋಡೆಗೆ ಒರಗಿಸುತ್ತಾರೆ. ಮೇಲೆ ಡಿಶ್ ಎಣ್ಣೆ ಹಚ್ಚಿದ ದೋಸೆಕಲ್ಲಿನಂತೆ ಹೊಳೆಯುತ್ತಿದೆ. ಜೋನಾ ಎಸೆದದ್ದನ್ನು ಫೋನಿನಲ್ಲಾದರೂ ನೋಡಿದಿರಾ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಬಾರನ್ನೇ ಕುಗ್ಗಿಸಿ ತರಿಸಿದ ಆಟವನ್ನು ಅಂಗೈ ಅಗಲದ ಗಾಜಿನಲ್ಲಿ ನೋಡಲು ಮನಸ್ಸಿಲ್ಲವಂತೆ. ದೊಡ್ಡ ಟಿವಿಯಲ್ಲಿ, ಕೂತು, ಕೈಯಲ್ಲಿ ಬಿಸಿ ಕಾಫಿ ಹಿಡಿದು ನೋಡಬೇಕು.

"ಅವನನ್ನ ಮತ್ತೆ ಕರೆಸ್ಕೊಳ್ತಾರೆ, ನಂಗೊತ್ತು," ಎನ್ನುತ್ತಾರೆ ಕೋಟಿನ ಹಿಮ ಕೊಡವುತ್ತ. "ಕರೆಸ್ಕೊಳ್ಳೋದು ಜುಲೈಯಲ್ಲಿ ಆಗ್ಲಿ ಅಂತ ಒಂದೇ ಆಸೆ. ಜುಲೈಯಲ್ಲಿ ಇಲ್ಲಿ ಹಿಮ ಬೀಳಲ್ಲ."