ಎಣ್ಣೆ ಕಾಣದ ಸಾಲು

ಬಸವಾಪಟ್ಟಣದ ನಮ್ಮ ಮನೆ ಒಡೆದದ್ದು ಆಸ್ತಿಗಲ್ಲ, ಹೆಂಗಸರ ಬಾಯಿಗೂ ಅಲ್ಲ. ನಾನು ಚೆಲ್ಲಿದ ಒಂದು ತಂಬಿಗೆ ಅಡಿಕೆ ಚೊಗರಿಗೆ. ಆಗ ನನಗೆ ಎಂಟು ವರ್ಷ. ಆ ವಯಸ್ಸಿಗೆ ಸುಳ್ಳು ಹೇಳುವಷ್ಟು ಬುದ್ಧಿ ಇರುತ್ತದೆ, ನಿಜ ಹೇಳುವಷ್ಟೂ ಇರುತ್ತದೆ.

ಹೋದ ವಾರ ಹೊನ್ನಾಳಿಯಲ್ಲಿ ಮಗನ ಅಡುಗೆಮನೆಯ ಟೈಲ್ಸ್ ತೊಳೆಯಲು ಒಬ್ಬ ಬಂದಿದ್ದ. ಆಸಿಡ್ಡಿನ ವಾಸನೆ ಮೂಗಿಗೆ ಹತ್ತಿ ಗಂಟಲಲ್ಲಿ ಕೂತಿತು. ಅರಿಶಿನದ ಕಲೆ, ಒಗ್ಗರಣೆಯ ಜಿಡ್ಡು ಎಲ್ಲ ನೊರೆಯಾಗಿ ಎದ್ದುಬಂದವು. ನೆಲ ಒಣಗಿದ ಮೇಲೆ ಎಂಥದೋ ಬಳಿದು, "ಇದು ಸೀಲರ್ ಅಮ್ಮಾರೇ. ಇನ್ನು ಏನು ಚೆಲ್ಲಿದ್ರೂ ನೆಲ ಕುಡಿಯಾಕಿಲ್ಲ" ಎಂದ. "ನಮ್ಮಜ್ಜಿ ಕೊಬ್ಬರಿ ಎಣ್ಣೆ ಬಳಿಸ್ತಿದ್ಲು ಕಣಪ್ಪ" ಎಂದೆ. ಸೊಸೆ ಕಿಸಕ್ಕನೆ ನಕ್ಕಳು. "ತಲೆಗೆ ಹಚ್ಚೋದು ಬಿಟ್ಟು ನೆಲಕ್ಕಾ ಅತ್ತೆ?"

ನೆಲಕ್ಕೇ. ಮಣ್ಣಿನ ನೆಲ ಕಿತ್ತು ಹಳದಿ ಸಿಮೆಂಟ್ ಟೈಲ್ಸ್ ಹಾಕಿಸಿದ ವರ್ಷ ಅದು. ಹೊಸದರಲ್ಲಿ ಅವು ಬಿದ್ದದ್ದನ್ನೆಲ್ಲ ಕುಡಿಯುತ್ತವೆ ಎಂದು ಗಾರೆಯವನು ಹೇಳಿಹೋಗಿದ್ದ. ಅದಕ್ಕೆ ದಿನಾ ಸಂಜೆ ಒಂದೊಂದು ಸಾಲಿಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕಬೇಕಿತ್ತು. ಆ ಕೆಲಸ ಚಿಕ್ಕಮ್ಮನದು. ಚಿಕ್ಕಪ್ಪ ಅವಳನ್ನು ಜಗಳೂರಿನಿಂದ ಮದುವೆ ಮಾಡಿಕೊಂಡು ಕರೆತಂದು ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಒಲೆಯ ಕಾವು, ಎಣ್ಣೆಯ ಕಂಪು, ತಿಕ್ಕುವ ತಾಳಕ್ಕೆ ಅವಳ ಬಳೆ ಸದ್ದು. ಮೊಣಕಾಲೂರಿ ತಿಕ್ಕುವಾಗ ನನ್ನನ್ನು ಬೆನ್ನ ಮೇಲೆ ಕೂರಿಸಿಕೊಳ್ಳುತ್ತಿದ್ದಳು. "ಚೆನ್ನಾಗಿ ಭಾರ ಹಾಕೇ, ಹೊಳಪು ಬರ್ತೈತೆ" ಎನ್ನುತ್ತಿದ್ದಳು. ನನಗೆ ಅಷ್ಟು ಸಲಿಗೆ ಕೊಟ್ಟವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಒಲೆಯ ಪಕ್ಕದ ಕೊನೆ ಸಾಲೊಂದು ಉಳಿದಿತ್ತು. ಅಡಿಕೆ ಬೇಯಿಸುವ ಕಾಲ. ಅಡಿಕೆ ಬೆಂದ ನೀರು ಕುದ್ದು ಕುದ್ದು ಕಾಕಂಬಿಯಂತಾದರೆ ಅದೇ ಚೊಗರು. ಬೊಂಬೆಯ ಸೀರೆಗೆ ಬಣ್ಣ ಹಾಕಲು ಒಂದು ತಂಬಿಗೆ ಕದ್ದು ತಂದೆ. ಕೈ ಜಾರಿತು. ಎಣ್ಣೆ ಕಾಣದ ಆ ಸಾಲು ಒಂದೇ ಗುಟುಕಿಗೆ ಕುಡಿದುಬಿಟ್ಟಿತು. ನಾನು ಹಿತ್ತಲಿಗೆ ಓಡಿದೆ. ಅಡಿಕೆ ಕಾಲದಲ್ಲಿ ಮನೆಯವರೆಲ್ಲರ ಕೈಯೂ ಚೊಗರು ಹತ್ತಿ ಕೆಂಪಾಗಿರುತ್ತಿತ್ತು. ನನ್ನ ಕೈ ನನ್ನನ್ನು ಹಿಡಿದುಕೊಡಲಿಲ್ಲ.

"ನಾನಲ್ಲ ಕಣ್ರೀ ಅತ್ತೆ" ಎಂದಳು ಚಿಕ್ಕಮ್ಮ.

"ಮತ್ತೆ ಬೆಕ್ಕು ತಂಬಿಗೆ ಹಿಡ್ಕಂಡು ಬಂತೇನು? ಕುರಿ ಕಾಯೋರ ಮನೆಯವಳಿಗೆ ಚೊಗರು ಅಂದ್ರೆ ಏನು ಗೊತ್ತೈತೆ!" ಅಜ್ಜಿಯ ದನಿ ಬೀದಿಗೆ ಕೇಳಿಸುತ್ತಿತ್ತು. "ಈ ಕಲೆ ಹೋಗೋ ತನಕ ನೀನು ಒಲೆ ಮುಟ್ಟಂಗಿಲ್ಲ."

ಒಲೆ ಮುಟ್ಟದ ಸೊಸೆ ಎಂದರೆ ಊರ ಬಾಯಿಗೆ ಹಬ್ಬ. ಚಿಕ್ಕಮ್ಮ ಎಂಟು ದಿನ ತಿಕ್ಕಿದಳು. ಬೂದಿ, ಇಟ್ಟಿಗೆ ಪುಡಿ, ನಿಂಬೆಹಣ್ಣು, ಹುಣಸೆಹುಳಿ. ಹುಳಿ ಬಿದ್ದು ಸುತ್ತಲಿನ ಹಳದಿ ಬಿಳಿಚಿಕೊಂಡಿತು, ಕಲೆ ಇನ್ನಷ್ಟು ಎದ್ದು ಕಂಡಿತು. ಒಂಬತ್ತನೇ ದಿನ ಚಿಕ್ಕಪ್ಪ ಟ್ರಂಕು ಹೊತ್ತುಕೊಂಡು ಅವಳನ್ನು ಜಗಳೂರಿನ ಬಸ್ಸು ಹತ್ತಿಸಿ ತಾನೂ ಹತ್ತಿದ. ಮತ್ತೆ ಬಂದದ್ದು ಪಾಲು ಕೇಳಲು.

ಈಗ ಅಜ್ಜಿ ಇಲ್ಲ, ಚಿಕ್ಕಪ್ಪ ಇಲ್ಲ. ಹೋದ ವರ್ಷ ಚಿಕ್ಕಮ್ಮನೂ ತೀರಿಕೊಂಡಳು. ಹೇಳಬಹುದಾಗಿದ್ದ ದಿನಗಳು ಬೇಕಾದಷ್ಟಿದ್ದವು, ಹೇಳಲಿಲ್ಲ. ಮನೆ ಕೆಡವಿದಾಗ ಆ ಟೈಲ್ಸೆಲ್ಲ ಯಾವುದೋ ರಸ್ತೆಯ ಗುಂಡಿ ತುಂಬಿದವು.

ಅಂದು ಅವರಿಬ್ಬರೂ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ನಾನು ಒಬ್ಬಳೇ ಹೋಗಿ, ಚಿಕ್ಕಮ್ಮ ಬಿಟ್ಟುಹೋದ ಹುಣಸೆಹುಳಿಯಲ್ಲಿ ಆ ಕಲೆಯನ್ನು ತಿಕ್ಕುತ್ತಾ ಕೂತೆ. ಅಜ್ಜಿ ನೋಡಿದಳು. "ಅಯ್ಯೋ ನನ್ನ ಬಂಗಾರ, ಯಾರೋ ಮಾಡಿದ್ದಕ್ಕೆ ನೀನ್ಯಾಕೆ ತಿಕ್ತೀಯೇ?" ಎಂದು ಎಬ್ಬಿಸಿ, ಸೆರಗಿನಲ್ಲಿ ನನ್ನ ಕೈ ಒರೆಸಿ, ಒಂದು ಉಂಡೆ ಬೆಲ್ಲ ಕೊಟ್ಟಳು. ತಿಂದೆ.